ಶೇ. 2ರ ಕರಾರು: ಜೆಫ್ರಿ ಕಾಟ್ಜೆನ್‌ಬರ್ಗ್ ವೃತ್ತಿಜೀವನದ ಲೆಕ್ಕಪತ್ರ

ಅಮೆರಿಕದ ಕಾರ್ಟೂನ್ ಚಿತ್ರಗಳಿಗೂ ನಮ್ಮ ಸದಸ್ಯರ ವ್ಯಾಪಾರ-ವಹಿವಾಟಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ನೌಕರನಿಗೆ ಲಾಭದಲ್ಲಿ ಪಾಲು ಕೊಡುವ ಕರಾರು ಮತ್ತು ಮಾರಾಟವಾಗದೆ ಉಳಿದ ಸರಕಿನ ಮೌಲ್ಯಮಾಪನ, ಈ ಎರಡು ವಿಷಯಗಳಲ್ಲಿ ಸಣ್ಣ ಉದ್ದಿಮೆಗಳು ಪ್ರತಿವರ್ಷವೂ ಎಡವುತ್ತವೆ. ಅವೆರಡನ್ನೂ ಒಬ್ಬನೇ ವ್ಯಕ್ತಿಯ ಜೀವನದಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ಕಾಣಬೇಕಾದರೆ ಜೆಫ್ರಿ ಕಾಟ್ಜೆನ್‌ಬರ್ಗ್ ಅವರ ಕಥೆಯನ್ನು ಓದಬೇಕು.

1950ರಲ್ಲಿ ಜನಿಸಿದ ಕಾಟ್ಜೆನ್‌ಬರ್ಗ್ ಪ್ಯಾರಮೌಂಟ್ ಸಂಸ್ಥೆಯಲ್ಲಿ ಮೈಕೆಲ್ ಐಸ್ನರ್ ಅವರ ಕೈಕೆಳಗೆ ಪಳಗಿದವರು. 1984ರಲ್ಲಿ ಐಸ್ನರ್ ಡಿಸ್ನಿ ಕಂಪನಿಯ ಮುಖ್ಯಸ್ಥರಾದಾಗ ಇವರೂ ಜೊತೆಗೆ ಹೋಗಿ ಅಲ್ಲಿನ ಚಿತ್ರ ವಿಭಾಗದ ಅಧ್ಯಕ್ಷರಾದರು. ಆ ಹೊತ್ತಿಗೆ ಡಿಸ್ನಿಯ ಅನಿಮೇಷನ್ ವಿಭಾಗ ಹೆಸರಿಗಷ್ಟೇ ಉಳಿದಿತ್ತು. 1985ರಲ್ಲಿ ತೆರೆಕಂಡ ‘ದಿ ಬ್ಲ್ಯಾಕ್ ಕಾಲ್ಡ್ರನ್’ ಹಾಕಿದ ಹಣವನ್ನೂ ತರಲಿಲ್ಲ. ಚಿತ್ರಕಾರರನ್ನು ಅವರ ಹಳೆಯ ಕಟ್ಟಡದಿಂದ ಎಬ್ಬಿಸಿ ಗ್ಲೆಂಡೇಲ್‌ನ ಗೋದಾಮಿನಂಥ ಕಟ್ಟಡಗಳಿಗೆ ಕಳುಹಿಸಲಾಯಿತು. ಸ್ವತಃ ಒಂದು ಗೆರೆಯನ್ನೂ ಎಳೆಯದ ಈ ಆಡಳಿತಗಾರ ಮುಂದಿನ ಹತ್ತು ವರ್ಷ ಆ ವಿಭಾಗದ ಬೆನ್ನುಹತ್ತಿದರು. ಫಲವಾಗಿ 1989ರಲ್ಲಿ ‘ದಿ ಲಿಟಲ್ ಮರ್ಮೇಡ್’, 1991ರಲ್ಲಿ ‘ಬ್ಯೂಟಿ ಅಂಡ್ ದಿ ಬೀಸ್ಟ್’, 1992ರಲ್ಲಿ ‘ಅಲ್ಲಾದಿನ್’, 1994ರಲ್ಲಿ ‘ದಿ ಲಯನ್ ಕಿಂಗ್’ ಬಂದವು. ಇವುಗಳಲ್ಲಿ ಎರಡನೆಯದು ಅತ್ಯುತ್ತಮ ಚಿತ್ರದ ಆಸ್ಕರ್‌ಗೆ ನಾಮನಿರ್ದೇಶನಗೊಂಡ ಮೊದಲ ಅನಿಮೇಷನ್ ಚಿತ್ರ. ಟಿಕೆಟ್ಟಿನ ಹಣದ ಜೊತೆಗೆ ವಿಡಿಯೋ ಕ್ಯಾಸೆಟ್ಟು, ಆಟಿಕೆ, ಹಾಡಿನ ಧ್ವನಿಮುದ್ರಿಕೆಗಳ ಹಣವೂ ಹೊಳೆಯಾಗಿ ಹರಿಯಿತು.

1994ರ ಏಪ್ರಿಲ್‌ನಲ್ಲಿ ಕಂಪನಿಯ ಎರಡನೆಯ ಸ್ಥಾನದಲ್ಲಿದ್ದ ಫ್ರಾಂಕ್ ವೆಲ್ಸ್ ಹೆಲಿಕಾಪ್ಟರ್ ಅಪಘಾತದಲ್ಲಿ ನಿಧನರಾದರು. ಆ ಸ್ಥಾನವನ್ನು ಕಾಟ್ಜೆನ್‌ಬರ್ಗ್ ಬಯಸಿದರು, ಐಸ್ನರ್ ಕೊಡಲಿಲ್ಲ. ಅದೇ ವರ್ಷ ಅವರು ಕಂಪನಿಯಿಂದ ಹೊರಬಿದ್ದರು.

ಲೆಕ್ಕಪರಿಶೋಧಕನಿಗೆ ಕಥೆ ನಿಜವಾಗಿ ಆರಂಭವಾಗುವುದು ಇಲ್ಲಿಂದ. ತಮ್ಮ ಅಧಿಕಾರಾವಧಿಯಲ್ಲಿ ಕೈಗೊಂಡ ಚಿತ್ರಗಳ ಲಾಭದಲ್ಲಿ ಶೇ. 2 ಪಾಲು ತಮಗೆ ಸಲ್ಲಬೇಕೆಂಬ ಕಲಮು ಅವರ ನೇಮಕದ ಕರಾರಿನಲ್ಲಿತ್ತು. ಅದನ್ನು ಬರೆದಾಗ ಡಿಸ್ನಿಯ ಚಿತ್ರ ವಿಭಾಗದಲ್ಲಿ ಹಂಚಲು ಹೇಳಿಕೊಳ್ಳುವಷ್ಟು ಲಾಭವೇ ಇರಲಿಲ್ಲವಾದ್ದರಿಂದ ಯಾರೂ ತಲೆ ಕೆಡಿಸಿಕೊಂಡಂತಿಲ್ಲ. ಹತ್ತು ವರ್ಷಗಳ ನಂತರ ಅದೇ ಸಾಲು ಕೋಟಿಗಟ್ಟಲೆ ಡಾಲರುಗಳ ವ್ಯಾಜ್ಯವಾಯಿತು. ಕಂಪನಿ ತೊರೆದ ರೀತಿಯಿಂದಾಗಿ ಆ ಹಕ್ಕು ಉಳಿದಿಲ್ಲವೆಂದು ಡಿಸ್ನಿ ವಾದಿಸಿತು. ಕಾಟ್ಜೆನ್‌ಬರ್ಗ್ 1996ರಲ್ಲಿ ದಾವೆ ಹೂಡಿದರು. ಪಾಲು ಸಲ್ಲಬೇಕೆಂಬುದು 1997ರಲ್ಲಿ ಒಪ್ಪಿತವಾಯಿತು. ಎಷ್ಟು ಸಲ್ಲಬೇಕೆಂಬುದನ್ನು ತೀರ್ಮಾನಿಸಲು ಪ್ರಕರಣ ನಿವೃತ್ತ ನ್ಯಾಯಾಧೀಶರೊಬ್ಬರ ಮುಂದೆ ಹೋಯಿತು. 1999ರಲ್ಲಿ ರಾಜಿಯಾಯಿತು. ಅಂದಿನ ಪತ್ರಿಕೆಗಳ ಅಂದಾಜಿನಂತೆ ಒಟ್ಟು ಮೊತ್ತ ಸುಮಾರು 25 ಕೋಟಿ ಡಾಲರ್.

ತಕರಾರು ಎಲ್ಲಿ ಹುಟ್ಟಿತು ಎಂಬುದನ್ನು ಗಮನಿಸಬೇಕು. ‘ಲಾಭ’ ಎಂದರೆ ಚಿತ್ರಮಂದಿರದ ಲಾಭ ಮಾತ್ರವೇ, ಆಟಿಕೆಯ ಲಾಭವೂ ಸೇರಿದೆಯೇ? ಇನ್ನು ಮುಂದೆ ಬರಲಿರುವ ಲಾಭವನ್ನು ಇಂದಿನ ಬೆಲೆಗೆ ಇಳಿಸುವುದು ಯಾವ ದರದಲ್ಲಿ? ಹತ್ತು ವರ್ಷಗಳ ನಂತರ ಬರುವ 100 ರೂಪಾಯಿಯನ್ನು ಶೇ. 6ರ ದರದಲ್ಲಿ ಇಳಿಸಿದರೆ ಇಂದಿನ ಮೌಲ್ಯ 55 ರೂ. 84 ಪೈಸೆ, ಶೇ. 10ರಲ್ಲಿ ಇಳಿಸಿದರೆ 38 ರೂ. 55 ಪೈಸೆ. ಕರಾರಿನಲ್ಲಿ ಆ ದರ ಬರೆದಿರದಿದ್ದರೆ ಇಬ್ಬರು ತಜ್ಞರು ಪ್ರಾಮಾಣಿಕವಾಗಿಯೇ ಎರಡು ಉತ್ತರ ಹೇಳುತ್ತಾರೆ, ಇಬ್ಬರಿಗೂ ಶುಲ್ಕ ಕೊಡಬೇಕಾಗುತ್ತದೆ.

ನಮ್ಮಲ್ಲಿ ಅಂಗಡಿಯ ಮೇನೇಜರರಿಗೆ “ಲಾಭದಲ್ಲಿ ಇಷ್ಟು ನಿನಗೆ” ಎಂದು ಬಾಯಿಮಾತಿನಲ್ಲಿ ಹೇಳುವ ರೂಢಿಯಿದೆ. ನೌಕರನು ಸಂಬಳದ ರೂಪದಲ್ಲಿ ಲಾಭದ ಪಾಲು ಪಡೆದ ಮಾತ್ರಕ್ಕೆ ಪಾಲುದಾರನಾಗುವುದಿಲ್ಲವೆಂದು 1932ರ ಪಾಲುದಾರಿಕೆ ಅಧಿನಿಯಮದ 6ನೆಯ ಕಲಮು ಹೇಳುತ್ತದೆ, ನಿಜ. ಆದರೆ ಅವನು ಬಿಟ್ಟುಹೋದ ಮೇಲೆ ಪಾಲು ನಿಲ್ಲುತ್ತದೆಯೇ ಎಂಬುದಕ್ಕೆ ಉತ್ತರ ನಿಮ್ಮ ಕರಾರಿನಲ್ಲೇ ಇರಬೇಕು. ನಿಜವಾದ ಪಾಲುದಾರನೇ ನಿವೃತ್ತನಾಗಿ, ಅವನ ಲೆಕ್ಕ ಚುಕ್ತಾ ಮಾಡದೆ ಉಳಿದವರು ಅವನ ಆಸ್ತಿಯನ್ನು ಬಳಸಿ ವ್ಯಾಪಾರ ಮುಂದುವರಿಸಿದರೆ, 37ನೆಯ ಕಲಮಿನಂತೆ ಅವನು ಆ ಬಳಕೆಯಿಂದ ಬಂದ ಲಾಭದ ಪಾಲನ್ನಾಗಲಿ ಶೇ. 6 ಬಡ್ಡಿಯನ್ನಾಗಲಿ ಆರಿಸಿಕೊಳ್ಳಬಹುದು. ಲಾಭ ಹೆಚ್ಚಾಗಿದ್ದರೆ ಯಾವುದನ್ನು ಆರಿಸುತ್ತಾನೆಂದು ಹೇಳಬೇಕಾಗಿಲ್ಲ.

ಇತ್ತ 1994ರ ಅಕ್ಟೋಬರ್‌ನಲ್ಲಿ ಕಾಟ್ಜೆನ್‌ಬರ್ಗ್ ಅವರು ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ಮತ್ತು ಸಂಗೀತೋದ್ಯಮಿ ಡೇವಿಡ್ ಗೆಫೆನ್ ಅವರೊಡನೆ ಡ್ರೀಮ್‌ವರ್ಕ್ಸ್ ಸ್ಥಾಪನೆಯನ್ನು ಘೋಷಿಸಿದರು. ಮೂವರೂ ತಲಾ ಸುಮಾರು 3.3 ಕೋಟಿ ಡಾಲರ್ ಹಾಕಿದರು. ಮೈಕ್ರೋಸಾಫ್ಟ್ ಸಹಸ್ಥಾಪಕ ಪಾಲ್ ಅಲೆನ್ ಸುಮಾರು 50 ಕೋಟಿ, ಕೊರಿಯಾದ ಚೀಲ್ ಜೆಡಾಂಗ್ ಸಂಸ್ಥೆ 30 ಕೋಟಿ ಡಾಲರ್ ತೊಡಗಿಸಿದವು. ಹಣ ಹೆಚ್ಚು ಹಾಕಿದವರು ಹೊರಗಿನವರು. ಹಿಡಿತ ಉಳಿದದ್ದು ಮೂವರು ಸ್ಥಾಪಕರ ಕೈಯಲ್ಲಿ.

ಸ್ವತಂತ್ರ ನಿರ್ಮಾಪಕನಾದ ಮೇಲೆ ಆಡಳಿತಗಾರನಿಗೆ ಕಂಡ ವ್ಯತ್ಯಾಸವೆಂದರೆ, ಒಂದು ಚಿತ್ರ ಸೋತಾಗ ತಾಳಿಕೊಳ್ಳಲು ಬೆನ್ನ ಹಿಂದೆ ಡಿಸ್ನಿಲ್ಯಾಂಡ್ ಇರಲಿಲ್ಲ. ಕೈಬರಹದ ‘ದಿ ಪ್ರಿನ್ಸ್ ಆಫ್ ಈಜಿಪ್ಟ್’ (1998) ಗೆದ್ದಿತು. ‘ದಿ ರೋಡ್ ಟು ಎಲ್ ಡೊರಾಡೊ’ (2000) ಸೋತಿತು. ‘ಸಿಂದಬಾದ್’ (2003) ಸುಮಾರು 12.5 ಕೋಟಿ ಡಾಲರ್ ನಷ್ಟ ತಂದಿತೆಂದು ವರದಿಯಾಯಿತು. ಅಲ್ಲಿಗೆ ಕೈಬರಹದ ಚಿತ್ರಗಳನ್ನು ನಿಲ್ಲಿಸಿದರು. ಸಂಸ್ಥೆಯನ್ನು ಉಳಿಸಿದ್ದು 2001ರಲ್ಲಿ ಬಂದ ಕಂಪ್ಯೂಟರ್ ಚಿತ್ರ ‘ಶ್ರೆಕ್’. ಅದರ ಎರಡನೆಯ ಭಾಗ ಬಂದ 2004ರಲ್ಲೇ ಅನಿಮೇಷನ್ ವಿಭಾಗವನ್ನು ಪ್ರತ್ಯೇಕಿಸಿ, ತಲಾ 28 ಡಾಲರಿನಂತೆ ಷೇರುಗಳನ್ನು ಸಾರ್ವಜನಿಕರಿಗೆ ನೀಡಲಾಯಿತು.

ಮರುವರ್ಷವೇ ನಮ್ಮ ಸಗಟು ವ್ಯಾಪಾರಿಗಳಿಗೆ ಚಿರಪರಿಚಿತವಾದ ತೊಂದರೆ ಎದುರಾಯಿತು. ಅಂಗಡಿಗಳಿಗೆ ಕಳುಹಿಸಿದ ‘ಶ್ರೆಕ್ 2’ ಡಿವಿಡಿಗಳು ಅಂದಾಜಿಗಿಂತ ಹೆಚ್ಚಾಗಿ ವಾಪಸು ಬಂದವು. ಲಾಭ ನಿರೀಕ್ಷೆಗಿಂತ ಕುಸಿಯಿತು, ಷೇರು ಬೆಲೆ ಇಳಿಯಿತು, ಅಲ್ಲಿನ ಷೇರುಪೇಟೆ ನಿಯಂತ್ರಕರೂ ವಿಚಾರಣೆ ನಡೆಸಿದರು. ವಾಪಸಾತಿಗೆ ಅವಕಾಶವಿಟ್ಟು ಕಳುಹಿಸಿದ ಸರಕು ಪೂರ್ತಿ ಮಾರಾಟವಲ್ಲ. ವಾಪಸು ಬರಬಹುದಾದಷ್ಟಕ್ಕೆ ಮೊದಲೇ ಏರ್ಪಾಡು ತೆಗೆದಿಡಬೇಕು.

ಚಿತ್ರದ ವೆಚ್ಚವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕ್ರಮವೂ ವಿಶಿಷ್ಟ. ತಯಾರಿಕೆಯ ವೆಚ್ಚವನ್ನು ಕೂಡಲೇ ನಷ್ಟಕ್ಕೆ ಬರೆಯದೆ ಆಸ್ತಿಯೆಂದು ಇಟ್ಟುಕೊಂಡು, ಒಟ್ಟು ನಿರೀಕ್ಷಿತ ಆದಾಯದಲ್ಲಿ ಆ ವರ್ಷ ಬಂದದ್ದೆಷ್ಟೋ ಅಷ್ಟೇ ಪ್ರಮಾಣದಲ್ಲಿ ವೆಚ್ಚವನ್ನು ಕರಗಿಸುತ್ತಾರೆ. 100 ಲಕ್ಷದ ಚಿತ್ರ 200 ಲಕ್ಷ ತರುವುದೆಂಬ ಅಂದಾಜು. ಮೊದಲ ವರ್ಷ 80 ಲಕ್ಷ ಬಂದರೆ 40 ಲಕ್ಷ ಖರ್ಚು ಬೀಳುತ್ತದೆ, 60 ಲಕ್ಷ ಆಸ್ತಿಯಾಗಿ ಅಢಾವೆಯಲ್ಲಿ ಉಳಿಯುತ್ತದೆ. ಮುಂದೆ ಬರುವುದು 45 ಲಕ್ಷ ಮಾತ್ರವೆಂದು ತಿಳಿದ ದಿನ ಸುಮಾರು 15 ಲಕ್ಷವನ್ನು ಒಂದೇ ಏಟಿಗೆ ನಷ್ಟಕ್ಕೆ ಬರೆಯಬೇಕು. ಎಲ್ಲವೂ ಅಂದಾಜಿನ ಮೇಲೆ ನಿಂತ ಕಟ್ಟಡ.

2012ರ ‘ರೈಸ್ ಆಫ್ ದಿ ಗಾರ್ಡಿಯನ್ಸ್’ ಇದಕ್ಕೆ ಉದಾಹರಣೆ. ಸುಮಾರು 14.5 ಕೋಟಿ ಡಾಲರ್ ವೆಚ್ಚದ ಈ ಚಿತ್ರ ಜಗತ್ತಿನಾದ್ಯಂತ 30 ಕೋಟಿಗೂ ಹೆಚ್ಚು ಗಳಿಸಿತು. ಆದರೂ ಕಂಪನಿ 8.7 ಕೋಟಿ ಡಾಲರನ್ನು ನಷ್ಟಕ್ಕೆ ಬರೆಯಿತು. ಟಿಕೆಟ್ಟಿನ ಹಣದಲ್ಲಿ ಸುಮಾರು ಅರ್ಧ ಚಿತ್ರಮಂದಿರಗಳಿಗೆ. ಉಳಿದದ್ದರಲ್ಲಿ ವಿತರಕರಾದ ಪ್ಯಾರಮೌಂಟ್‌ಗೆ ಶೇ. 8 ಶುಲ್ಕ, ಮೇಲೆ ಪ್ರತಿ ಹಾಗೂ ಪ್ರಚಾರದ ಖರ್ಚು. ಇವೆಲ್ಲ ಕಳೆದ ಮೇಲೆ ನಿರ್ಮಾಪಕನ ಸರದಿ. 2013ರ ಫೆಬ್ರವರಿಯಲ್ಲಿ ಸುಮಾರು 350 ಮಂದಿ, 2015ರ ಜನವರಿಯಲ್ಲಿ ಸುಮಾರು 500 ಮಂದಿ ಕೆಲಸ ಕಳೆದುಕೊಳ್ಳುವರೆಂದು ಕಂಪನಿ ಪ್ರಕಟಿಸಿತು.

ಬೆಂಗಳೂರಿಗೂ ಇದರ ನಂಟಿತ್ತು. ಟೆಕ್ನಿಕಲರ್ ಸಂಸ್ಥೆಯ ಬೆಂಗಳೂರು ಕಚೇರಿಯಲ್ಲಿ ಡ್ರೀಮ್‌ವರ್ಕ್ಸ್‌ಗಾಗಿಯೇ ಒಂದು ಪ್ರತ್ಯೇಕ ಘಟಕ ಏರ್ಪಟ್ಟು, 2011ರ ‘ಪುಸ್ ಇನ್ ಬೂಟ್ಸ್’ ಮುಂತಾದ ಚಿತ್ರಗಳಿಗೆ ನಮ್ಮ ಹುಡುಗರು ಕೆಲಸ ಮಾಡಿದರು. ನಮ್ಮ ಕೈಗಾರಿಕಾ ವಸಾಹತುಗಳ ಭಾಷೆಯಲ್ಲಿ ಇದು ಜಾಬ್ ವರ್ಕ್: ದುಡಿಮೆಗೆ ಕೂಲಿಯುಂಟು, ಬೆಕ್ಕಿನ ಬೊಂಬೆ ಮಾರಾಟವಾದರೆ ಅದರಲ್ಲಿ ಪಾಲಿಲ್ಲ. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಕುಸಿದಾಗ ಬೆಂಗಳೂರಿನ ಕಚೇರಿಯೂ ಬಾಗಿಲು ಹಾಕಿತು.

ಕಾಟ್ಜೆನ್‌ಬರ್ಗ್ ಮಾತ್ರ ಒಳ್ಳೆಯ ಬೆಲೆಗೆ ಕೈತೊಳೆದುಕೊಂಡರು. 2016ರಲ್ಲಿ ಕಾಮ್‌ಕಾಸ್ಟ್ ಸಮೂಹ ಡ್ರೀಮ್‌ವರ್ಕ್ಸ್ ಅನಿಮೇಷನ್ ಕಂಪನಿಯನ್ನು 380 ಕೋಟಿ ಡಾಲರಿಗೆ ಕೊಂಡಿತು. ಹಿಂದಿನ ವರ್ಷಗಳಲ್ಲಿ ಇಷ್ಟು ನಷ್ಟ ಬರೆದ ಕಂಪನಿಗೆ ಅಷ್ಟು ಬೆಲೆ ಏಕೆಂದರೆ, ಶ್ರೆಕ್ ಮೊದಲಾದ ಪಾತ್ರಗಳ ಒಡೆತನ ಅದರ ಬಳಿ ಇತ್ತು.

ಆ ಬಳಿಕ ಅವರು 175 ಕೋಟಿ ಡಾಲರ್ ಸಂಗ್ರಹಿಸಿ, ಮೊಬೈಲ್‌ನಲ್ಲಿ ನೋಡುವ ಕಿರುಚಿತ್ರಗಳ ‘ಕ್ವಿಬಿ’ ಸೇವೆಯನ್ನು 2020ರ ಏಪ್ರಿಲ್‌ನಲ್ಲಿ ಆರಂಭಿಸಿದರು. ಕಾರ್ಯಕ್ರಮಗಳ ಒಡೆತನವನ್ನು ತಯಾರಕರಿಗೇ ಬಿಟ್ಟು, ತಾವು ಏಳು ವರ್ಷಗಳ ಪರವಾನಗಿ ಮಾತ್ರ ಪಡೆದರು. ಅದೇ ಡಿಸೆಂಬರ್‌ನಲ್ಲಿ ಸೇವೆ ನಿಂತಿತು. 2021ರ ಜನವರಿಯಲ್ಲಿ ರೋಕು ಕಂಪನಿ ಆ ಕಾರ್ಯಕ್ರಮಗಳ ಹಕ್ಕನ್ನು ಕೊಂಡಾಗ ಕೊಟ್ಟ ಬೆಲೆ, ವರದಿಗಳ ಪ್ರಕಾರ, 10 ಕೋಟಿ ಡಾಲರಿಗೂ ಕಡಿಮೆ.