ನಿಂತಂತೆ ಕಾಣುವ ಕ್ರಿಯೆಯನ್ನು ಅಳೆಯುವ ಬಗೆ

ಅಸಿಟಿಕ್ ಆಮ್ಲ ಹಾಗೂ ಎಥೆನಾಲನ್ನು ಸಮ ಮೋಲ್‌ಗಳಲ್ಲಿ ಬೆರೆಸಿ ಎಷ್ಟು ಕಾಲ ಇಟ್ಟರೂ ಆಮ್ಲವೆಲ್ಲ ಎಸ್ಟರ್ ಆಗುವುದಿಲ್ಲ. ಸುಮಾರು ಮೂರನೇ ಎರಡು ಭಾಗ ಮಾರ್ಪಟ್ಟ ಬಳಿಕ ಪ್ರಮಾಣಗಳು ಸ್ಥಿರವಾಗುತ್ತವೆ. ಆಗ ಎಸ್ಟರ್ ಉಂಟಾಗುವ ವೇಗವೂ, ಅದು ನೀರಿನೊಡನೆ ವರ್ತಿಸಿ ಒಡೆಯುವ ವೇಗವೂ ಸಮ. ಈ ರಾಸಾಯನಿಕ ಸಮತೋಲನವನ್ನು ಫ್ರಾನ್ಸಿನ ಬರ್ತೆಲೊ ಮತ್ತು ಪೆಯಾಂ ದ ಸೇಂಟ್ ಗಿಲ್ 1862-63ರಲ್ಲಿ ಅಳೆದು ತೋರಿಸಿದರು.

ಅಳೆಯಬೇಕಾದುದು ಉಳಿದ ಆಮ್ಲವನ್ನು. ಇಂದಿನ ಪ್ರಯೋಗಾಲಯಗಳಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಿಂದ ಟೈಟ್ರೇಶನ್ ಮಾಡುತ್ತಾರೆ. ಆದರೆ ಈ ಕ್ಷಾರವನ್ನು ತೂಗಿ ನಂಬುವಂತಿಲ್ಲ. ತಕ್ಕಡಿಯಲ್ಲಿರುವಾಗಲೇ ಅದು ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರಿಕೊಳ್ಳುತ್ತದೆ. ಆದ್ದರಿಂದ ಶುದ್ಧ ಆಕ್ಸಾಲಿಕ್ ಆಮ್ಲದ ಹರಳುಗಳನ್ನು 1.576 ಗ್ರಾಂ ತೂಗಿ, ನೀರಿನಲ್ಲಿ ಕರಗಿಸಿ, 250 ಮಿ.ಲೀ. ಫ್ಲಾಸ್ಕಿನ ಗೆರೆಯವರೆಗೆ ತುಂಬಿಸಲಾಗುತ್ತದೆ. ಈ 0.05 ಮೋಲಾರ್ ಪ್ರಮಾಣಿತ ದ್ರಾವಣದ ಎದುರು ಕ್ಷಾರದ ಸಾಂದ್ರತೆಯನ್ನು ನಿರ್ಧರಿಸಬೇಕು. ಪದವಿಪೂರ್ವ ತರಗತಿಯಲ್ಲಿ ಹಲವರು ಮಾಡಿ ಮರೆತಿರುವ ಪ್ರಯೋಗವೇ ಇದು.

ಇಲ್ಲೊಂದು ಸಂದೇಹ ಸಹಜ. ಕ್ಷಾರ ಹಾಕಿ ಆಮ್ಲವನ್ನು ತೆಗೆದರೆ ಸಮತೋಲನವೇ ಕದಡುವುದಿಲ್ಲವೇ? ಕದಡುತ್ತದೆ, ಆದರೆ ನಿಧಾನವಾಗಿ. ಮಾದರಿಯನ್ನು ಹಿಮದಷ್ಟು ತಣ್ಣಗಿನ ನೀರಿಗೆ ಸುರಿದು ಬೇಗನೆ ಟೈಟ್ರೇಶನ್ ಮುಗಿಸಿದರೆ ಲೆಕ್ಕ ಕೆಡದು. ಫೀನಾಲ್ಫ್ತಲೀನ್ ತೋರುವ ತಿಳಿಗುಲಾಬಿ ಬಣ್ಣ ಸ್ವಲ್ಪ ಹೊತ್ತಿನ ನಂತರ ಮಾಸಿದರೆ, ಎಸ್ಟರ್ ಒಡೆಯುತ್ತಿರುವುದೂ ಅದಕ್ಕೊಂದು ಕಾರಣವಿರಬಹುದು. ಮತ್ತೆ ಕ್ಷಾರ ಸೇರಿಸಬಾರದು. ಕ್ರಿಯೆಯನ್ನು ತ್ವರಿತಗೊಳಿಸಲು ಹೈಡ್ರೊಕ್ಲೋರಿಕ್ ಆಮ್ಲ ಬಳಸಿದ್ದರೆ ಅದರ ಪಾಲನ್ನೂ ಕಳೆಯಬೇಕು.

ಮೂರನೇ ಒಂದು ಭಾಗ ಆಮ್ಲ ಉಳಿದಿದ್ದರೆ ಸಮತೋಲನ ಸ್ಥಿರಾಂಕ 4. ಆದರೆ ಆಮ್ಲದ ಅಳತೆಯಲ್ಲಿ ಶೇ. 1ರಷ್ಟು ತಪ್ಪಿದರೂ ಸ್ಥಿರಾಂಕದಲ್ಲಿ ಅದು ಸುಮಾರು ಶೇ. 3 ಆಗುತ್ತದೆ.