ನ್ಯಾನೋ ಕಣಗಳ ವಿಷಯವಾಗಿ

ಉಮರಗಾ, ನಿಲಂಗಾ, ಉದಗೀರ ಭಾಗದ ಹಳ್ಳಿಯ ಹುಡುಗನಿಗೆ ನ್ಯಾನೋ ಎಂದರೇನೆಂದು ಕೇಳಿದರೆ, ಅವನು 2021ರಿಂದ ಪೇಟೆಗೆ ಬಂದ ಯೂರಿಯಾದ ಬಾಟಲಿಯನ್ನು ಹೇಳುವನು. ಆ ಬಾಟಲಿಯಿಂದ ಇಳುವರಿ ಹೆಚ್ಚುವದೇ ಎಂಬುದರಲ್ಲಿ ಕೃಷಿಶಾಸ್ತ್ರಜ್ಞರಲ್ಲಿಯೇ ಭಿನ್ನಮತವುಂಟು. ಹೆಸರು ಮನೆಮನೆಗೆ ಮುಟ್ಟಿದೆ, ಅರ್ಥ ಮುಟ್ಟಿಲ್ಲ. ಅದನ್ನು ಮುಟ್ಟಿಸುವ ಹೊಣೆ ಶಿಕ್ಷಕರಾದ ನಮ್ಮದು.

ನ್ಯಾನೋಮೀಟರವೆಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಈ ಅಂಕಿಯಿಂದ ಮಕ್ಕಳ ಕಣ್ಣಿಗೆ ಏನೂ ಕಟ್ಟುವದಿಲ್ಲ. ಆದುದರಿಂದ ನಾವು ಬೆಲ್ಲದಿಂದ ಆರಂಭಿಸುತ್ತೇವೆ. ಬೆಲ್ಲದ ಹೆಂಟೆ ನೀರಿನಲ್ಲಿ ತಡವಾಗಿ ಕರಗುವದು, ಕುಟ್ಟಿದ ಪುಡಿ ಬೇಗ; ಪುಡಿಗೆ ನೀರು ತಾಗುವ ಮೈ ಹೆಚ್ಚು. ಒಂದು ಸೆಂಟಿಮೀಟರ ಬದಿಯ ಘನದ ಮೈ 6 ಚದರ ಸೆಂಟಿಮೀಟರ. ಅದನ್ನೇ ಒಂದೊಂದು ನ್ಯಾನೋಮೀಟರಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಮೈ 6,000 ಚದರ ಮೀಟರ, ಅಂದರೆ ಸುಮಾರು ಒಂದೂವರೆ ಎಕರೆ! ತೂಕ ಮಾತ್ರ ಅಷ್ಟೇ. ಎಕರೆ ಎಂದೊಡನೆ ಒಕ್ಕಲುತನದ ಮನೆಯ ಮಕ್ಕಳು ಕಿವಿ ನಿಮಿರಿಸುವರು. ಬಣ್ಣವೂ ಬದಲಾಗುವದುಂಟು: ಚಿನ್ನದ ಅತಿಸೂಕ್ಷ್ಮ ಕಣಗಳಿಂದ ನೀರು ಕೆಂಪಾಗುವದನ್ನು ಫ್ಯಾರಡೇ 1857ರಲ್ಲಿಯೇ ವರ್ಣಿಸಿದ್ದನು.

ವಿದ್ಯುತ್ ವಾಹನಗಳ ಬ್ಯಾಟರಿಯಲ್ಲಿ ಬಳಸುವ ಲಿಥಿಯಂ ಕಬ್ಬಿಣ ಫಾಸ್ಫೇಟು ಸ್ವಭಾವತಃ ಮಂದ ವಾಹಕ. ಅದನ್ನು ನ್ಯಾನೋ ಕಣಗಳಾಗಿಸಿ ಇಂಗಾಲದ ಲೇಪ ಕೊಟ್ಟಾಗ ಲಿಥಿಯಂ ಸಾಗಬೇಕಾದ ದಾರಿ ಗಿಡ್ಡವಾಯಿತು, ಕೆಲಸ ಚುರುಕಾಯಿತು. ಮೈ ಹೆಚ್ಚಿದಲ್ಲಿ ಬೇಡದ ರಾಸಾಯನಿಕ ಕ್ರಿಯೆಗಳೂ ಹೆಚ್ಚಬಹುದೆಂಬುದನ್ನು ಮರೆಯಲಾಗದು. ಇಂಥ ಪದಾರ್ಥಗಳ ಅಭ್ಯಾಸಕ್ಕೆ ಬೆಂಗಳೂರಿನಲ್ಲಿ 1989ರಲ್ಲಿ ಸ್ಥಾಪಿತವಾದ ಜವಾಹರಲಾಲ ನೆಹರೂ ಕೇಂದ್ರವೂ, ಅದನ್ನು ಬೆಳೆಸಿದ ಸಿ. ಎನ್. ಆರ್. ರಾವ್ ಅವರೂ ಹೆಸರಾಗಿದ್ದಾರೆ.

ವೈದ್ಯಕದಲ್ಲಿ ಸಂಗತಿ ಇನ್ನೂ ಸೂಕ್ಷ್ಮವಾದುದು. ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರಿನ ಔಷಧವು ಹೃದಯವನ್ನು ಕೆಡಿಸಬಲ್ಲದು. ಅದನ್ನು ಸುಮಾರು 100 ನ್ಯಾನೋಮೀಟರಿನ ಕೊಬ್ಬಿನ ಕೋಶದೊಳಗಿಟ್ಟು ಕೊಡುವ ಕ್ರಮಕ್ಕೆ ಅಮೇರಿಕೆಯಲ್ಲಿ 1995ರಲ್ಲಿ ಮನ್ನಣೆ ದೊರೆಯಿತು. ಹೃದಯದ ಅಪಾಯ ತಗ್ಗಿತು. ಅಂಗೈ ಅಂಗಾಲು ಕೆಂಪಾಗಿ ಸುಲಿಯುವ ಉಪದ್ರವ ಹೆಚ್ಚಿತು. ಔಷಧ ಅದೇ ಇದ್ದರೂ ಅದು ದೇಹದಲ್ಲಿ ಹೋಗುವ ದಾರಿ ಬೇರೆಯಾಯಿತು. ಆದುದರಿಂದ ನ್ಯಾನೋ ರೂಪ ಕೊಟ್ಟ ಹಳೆಯ ಔಷಧವನ್ನೂ ಹೊಸದೆಂದೇ ಪರೀಕ್ಷಿಸಬೇಕಾಗುವದು.

2020ರಲ್ಲಿ ಬಂದ ಎಂ-ಆರ್‌ಎನ್‌ಎ ಕೋವಿಡ್ ಲಸಿಕೆಗಳೂ ಇಂಥ ಕೊಬ್ಬಿನ ಕಣಗಳ ಮೇಲೆಯೇ ಸವಾರಿ ಮಾಡಿದವು. ಅವುಗಳಲ್ಲೊಂದಕ್ಕೆ ಮೊದಲು ಸೊನ್ನೆಗಿಂತ 70 ಡಿಗ್ರಿ ಕೆಳಗಿನ ಶೀತ ಬೇಕಿತ್ತು. ನಮ್ಮ ತಾಲೂಕುಗಳಲ್ಲಿ ಅಂಥ ಪೆಟ್ಟಿಗೆ ಎಲ್ಲಿಂದ ಬರಬೇಕು? ಪುಣೆಯ ಜೆನ್ನೋವಾ ಸಂಸ್ಥೆಯ ಲಸಿಕೆಗೆ 2022ರಲ್ಲಿ ತುರ್ತು ಬಳಕೆಯ ಅನುಮತಿ ಸಿಕ್ಕಿತು. ಅದನ್ನು 2ರಿಂದ 8 ಡಿಗ್ರಿಯಲ್ಲಿ, ಅಂದರೆ ಆರೋಗ್ಯ ಕೇಂದ್ರದ ಸಾಧಾರಣ ಫ್ರಿಜ್ಜಿನಲ್ಲಿಯೇ, ಇಡಬಹುದಾಗಿತ್ತು.