ಬಟ್ಟಾ: ಹಣ ಗಡಿ ದಾಟುವಾಗ ತೆರುವ ಸುಂಕ

ಕೊಬ್ಬರಿ ಮಾರಿದ ರೈತ ಕೈಗೆ ಬಂದ ಚೀಟಿಯನ್ನು ಎರಡು ಸಲ ಓದುತ್ತಾನೆ. ಧಾರಣೆ ಎಷ್ಟು ಬಿತ್ತು ಎಂದು ಒಮ್ಮೆ, ಏನೇನು ಮುರಿದುಕೊಂಡರು ಎಂದು ಇನ್ನೊಮ್ಮೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ಮನೆತನಗಳಲ್ಲಿ ಇದು ತಲೆತಲಾಂತರದ ಅಭ್ಯಾಸ. ಅದೇ ಮನೆಯ ಹಿರಿಯರು ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ, ಅಲ್ಲಿ ತಮ್ಮೂರ ಬ್ಯಾಂಕಿನ ಕಾರ್ಡನ್ನು ಉಜ್ಜಿ, ಊರಿಗೆ ಬಂದು ಪಾಸ್‌ಬುಕ್ ನೋಡಿದಾಗ ಲೆಕ್ಕ ತಾಳೆಯಾಗದೆ ತಬ್ಬಿಬ್ಬಾಗುತ್ತಾರೆ. ಕೊಂಡ ಸಾಮಾನಿನ ಬೆಲೆಗಿಂತ ಹೆಚ್ಚು ಹಣ ಹೋಗಿರುತ್ತದೆ. ಹೋದದ್ದು ಎಲ್ಲಿಗೆ?

ಈ ಪ್ರಶ್ನೆಗೆ ನಮ್ಮ ಭಾಷೆಯಲ್ಲಿ ಹಳೆಯದೊಂದು ಉತ್ತರವಿದೆ: ಬಟ್ಟಾ. ವಟ್ಟ ಎಂದೂ ಹೇಳುವುದುಂಟು. ಒಂದು ನಾಣ್ಯವನ್ನು ಇನ್ನೊಂದಕ್ಕೆ ಬದಲಾಯಿಸುವಾಗ ಚಿನಿವಾರನು ಮುರಿದುಕೊಳ್ಳುತ್ತಿದ್ದ ಪಾಲಿಗೆ ಈ ಹೆಸರು. ಆಗ ವಿದೇಶಕ್ಕೆ ಹೋಗಬೇಕಾಗಿರಲಿಲ್ಲ. ನಾಲ್ಕು ದಿನದ ಗಾಡಿ ಪ್ರಯಾಣ ಮಾಡಿದರೆ ನಾಣ್ಯ ಬದಲಾಗುತ್ತಿತ್ತು. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ಸಣ್ಣ ಚಿನ್ನದ ಹಣ ಕಂಠೀರಾಯಿ ಹಣವೆಂದು ಹೆಸರಾಯಿತು. ಅಂಥ ಹತ್ತು ಹಣ ಸೇರಿದರೆ ಒಂದು ಕಂಠೀರಾಯಿ ವರಹ. ಸ್ವಾರಸ್ಯವೆಂದರೆ, ಈ ವರಹ ಲೆಕ್ಕದ ಪುಸ್ತಕದಲ್ಲಿ ಮಾತ್ರ ಇತ್ತು, ಚಲಾವಣೆಯಲ್ಲಿ ಅಂಥ ನಾಣ್ಯವಿರಲಿಲ್ಲ. ಇದರ ಜೊತೆಗೆ ಹೈದರಾಲಿಯ ಬಹಾದ್ದೂರಿ ವರಹ, ಟಿಪ್ಪುವಿನ ನಾಣ್ಯಗಳು, ಕರಾವಳಿಯ ಮತ್ತು ಮದರಾಸಿನ ಕಡೆಯ ಬಗೆಬಗೆಯ ವರಹಗಳು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಹೋದ ಕಡೆಯಲ್ಲೆಲ್ಲ ಬೆಳೆಯ ಜೊತೆಗೆ ಅಲ್ಲಿಯ ನಾಣ್ಯ, ತೂಕ, ಅಳತೆಗಳನ್ನೂ ಬರೆದುಕೊಂಡ. ಅವು ಗೊತ್ತಿಲ್ಲದೆ ಅಂದಿನ ಸಂತೆಯ ಬೆಲೆ ಅರ್ಥವಾಗುವಂತಿರಲಿಲ್ಲ.

ಹೀಗಾಗಿ ಚಿನಿವಾರನಿಗೆ ಸದಾ ಕೆಲಸ. ನಾಣ್ಯ ಸವೆದಿದ್ದರೆ ಒಂದು ಬಟ್ಟಾ, ಬೇರೆ ಸೀಮೆಯದಾದರೆ ಇನ್ನೊಂದು. ತಿಳಿದವರು ಕರಾರು ಪತ್ರದಲ್ಲೇ ‘ಇಂಥ ವರಹದಲ್ಲಿ ಇಷ್ಟು’ ಎಂದು ನಾಣ್ಯದ ಹೆಸರು ಬರೆಸುತ್ತಿದ್ದರು. ಯಾವ ನಾಣ್ಯ ಎಂಬುದನ್ನು ಎದುರಿನವನ ಮರ್ಜಿಗೆ ಬಿಟ್ಟರೆ ನಷ್ಟ ತನಗೇ ಎಂಬುದು ಅವರಿಗೆ ಗೊತ್ತಿತ್ತು. ಈ ಮಾತನ್ನು ನೆನಪಿನಲ್ಲಿಡಬೇಕು. ಅಮೆರಿಕದ ಅಂಗಡಿಯಲ್ಲಿ ಇದು ಮತ್ತೆ ಕೆಲಸಕ್ಕೆ ಬರುತ್ತದೆ.

1835ರಲ್ಲಿ ಕಂಪನಿ ಸರಕಾರ ಒಂದೇ ತೂಕದ ಬೆಳ್ಳಿ ರೂಪಾಯಿಯನ್ನು ತಂದಿತು, 1843ರಲ್ಲಿ ಬೆಂಗಳೂರಿನಲ್ಲಿದ್ದ ಮೈಸೂರು ಟಂಕಸಾಲೆ ಮುಚ್ಚಿತು. ನಾಣ್ಯದ ಬಟ್ಟಾ ಕ್ರಮೇಣ ಹೋಯಿತು. ದೂರದ ಬಟ್ಟಾ ಮಾತ್ರ ಉಳಿಯಿತು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಉಂಡೆ ಕೊಬ್ಬರಿಗೆ ಗಿರಾಕಿ ಇರುವುದು ಉತ್ತರದಲ್ಲಿ, ದೆಹಲಿ, ರಾಜಸ್ಥಾನಗಳ ಕಡೆ. ಸರಕು ಉತ್ತರಕ್ಕೆ ಹೋದರೆ ಹಣ ದಕ್ಷಿಣಕ್ಕೆ ಬರಬೇಕು. ಚೀಲದಲ್ಲಿ ಬೆಳ್ಳಿ ಹೊತ್ತು ತರುವುದು ಅಪಾಯದ ಕೆಲಸವಾದ್ದರಿಂದ ಭಾರತದ ವ್ಯಾಪಾರಿಗಳು ಬಹು ಹಿಂದೆಯೇ ಕಂಡುಕೊಂಡಿದ್ದ ಉಪಾಯ ಹುಂಡಿ. ಒಂದೂರಿನ ಸಾಹುಕಾರ ಇನ್ನೊಂದೂರಿನ ತನ್ನ ಕಡೆಯವನಿಗೆ ಚೀಟಿ ಬರೆಯುತ್ತಾನೆ. ತೋರಿಸಿದ ಕೂಡಲೇ ಹಣ ಕೊಡಬೇಕಾದ್ದು ದರ್ಶನಿ ಹುಂಡಿ, ಗಡುವಿನ ಮೇಲೆ ಕೊಡಬೇಕಾದ್ದು ಮುದ್ದತಿ ಹುಂಡಿ. ಇದಕ್ಕೆ ತೆಗೆದುಕೊಳ್ಳುವ ದಸ್ತೂರಿಗೆ ಹುಂಡಾವಣ ಎಂದು ಹೆಸರು. ಒಂದೇ ದಿಕ್ಕಿಗೆ ಹಣ ಕಳಿಸುವವರು ಹೆಚ್ಚಾದರೆ ಅದು ಏರುತ್ತಿತ್ತು, ಎದುರು ದಿಕ್ಕಿನಿಂದ ಕಳಿಸುವವರೂ ಇದ್ದರೆ ಲೆಕ್ಕ ಅಲ್ಲಿಗಲ್ಲಿಗೇ ಸರಿಹೋಗಿ ಇಳಿಯುತ್ತಿತ್ತು. 1881ರ ವರ್ಗಾವಣೀಯ ಪತ್ರಗಳ ಕಾಯಿದೆ ಕೂಡ ದೇಶಭಾಷೆಯ ಹುಂಡಿಗಳ ವಾಡಿಕೆಯನ್ನು ಹಾಗೆಯೇ ಉಳಿಸಿತು. ಇದೇ ಹುಂಡಿಯ ಹೆಸರಿನಲ್ಲಿ ಇಂದು ಗುಟ್ಟಾಗಿ ಹೊರದೇಶಕ್ಕೆ ಹಣ ಕಳಿಸುವ ಹವಾಲಾ ಬೇರೆ ವಿಷಯ. ದಸ್ತೂರಿ ಕಡಿಮೆ ಎಂಬ ಆಸೆಗೆ ಬಿದ್ದು ಆ ದಾರಿ ಹಿಡಿದರೆ 1999ರ ವಿದೇಶಿ ವಿನಿಮಯ ಕಾಯಿದೆಯ ಉಲ್ಲಂಘನೆಯಾಗುತ್ತದೆ.

ಕಾರ್ಡ್ ಎಂದರೆ ಇಂದಿನ ದರ್ಶನಿ ಹುಂಡಿಯೇ. ತೋರಿಸಿದ ಕ್ಷಣ ಅಂಗಡಿಯವನಿಗೆ ಹಣದ ಭರವಸೆ ಸಿಗುತ್ತದೆ, ಹಿಂದಿನ ಲೆಕ್ಕ ಬ್ಯಾಂಕುಗಳ ನಡುವೆ ಆಮೇಲೆ ತೀರುತ್ತದೆ. ಬಟ್ಟಾ ಮಾತ್ರ ಎರಡು ಮೂರು ಕಡೆ ಅಡಗಿ ಕುಳಿತಿದೆ. ವೀಸಾ, ಮಾಸ್ಟರ್‌ಕಾರ್ಡ್‌ನಂಥ ಸಂಸ್ಥೆಗಳು ಆ ದಿನದ ತಮ್ಮ ದರದಲ್ಲಿ ಡಾಲರನ್ನು ರೂಪಾಯಿಗೆ ತಿರುಗಿಸುತ್ತವೆ. ಈ ದರ ಪೇಟೆಯ ದರಕ್ಕೆ ಸಾಕಷ್ಟು ಹತ್ತಿರವೇ ಇರುತ್ತದೆ. ಅದರ ಮೇಲೆ ಕಾರ್ಡ್ ಕೊಟ್ಟ ಬ್ಯಾಂಕು ‘ಮಾರ್ಕಪ್’ ಎಂದು ಸಾಮಾನ್ಯವಾಗಿ ಶೇ. 2ರಿಂದ 3.5ರಷ್ಟು ಸೇರಿಸುತ್ತದೆ. ಆ ಮಾರ್ಕಪ್ಪಿನ ಮೇಲೆ ಶೇ. 18 ಜಿಎಸ್‌ಟಿ. ಶೇ. 3.5 ಹಿಡಿದರೆ ಒಂದು ಲಕ್ಷ ರೂಪಾಯಿಯ ಖರ್ಚಿಗೆ 3,500, ತೆರಿಗೆ 630, ಒಟ್ಟು 4,130 ರೂಪಾಯಿ. 2025ರ ಹಂಗಾಮಿಗೆ ಕೇಂದ್ರ ಸರಕಾರ ಉಂಡೆ ಕೊಬ್ಬರಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100. ಆ ಲೆಕ್ಕದಲ್ಲಿ ಮುರಿದುಹೋದದ್ದು 34 ಕಿಲೋ ಕೊಬ್ಬರಿ. ಹರಾಜುಕಟ್ಟೆಯಲ್ಲಿ ಯಾರಾದರೂ ಇಷ್ಟು ತೂಕ ಮುರಿದುಕೊಂಡರೆ ಗಲಾಟೆಯೇ ಆಗುತ್ತಿತ್ತು.

ಇದಕ್ಕಿಂತ ಚತುರವಾದ ಇನ್ನೊಂದು ಬಟ್ಟಾ ಇದೆ. ಅಂಗಡಿಯ ಯಂತ್ರವೋ ಎಟಿಎಂ ಪರದೆಯೋ ಬಹು ಸೌಜನ್ಯದಿಂದ ಕೇಳುತ್ತದೆ: ರೂಪಾಯಿಯಲ್ಲಿ ಕೊಡುವಿರೋ, ಡಾಲರಿನಲ್ಲೋ? ಪರದೇಶದಲ್ಲಿ ನಮ್ಮ ರೂಪಾಯಿಯ ಹೆಸರು ಕಂಡು ಹಿರಿಯರಿಗೆ ಸಂತೋಷವಾಗುತ್ತದೆ, ಎಷ್ಟು ಹೋಯಿತೆಂದು ತಕ್ಷಣ ತಿಳಿಯುತ್ತದಲ್ಲ ಎಂದು ಅದನ್ನೇ ಒತ್ತುತ್ತಾರೆ. ಒತ್ತಿದರೆ ವಿನಿಮಯದ ದರವನ್ನು ನಿಗದಿ ಮಾಡುವ ಅಧಿಕಾರ ಅಂಗಡಿಯ ಕಡೆಯ ಕಂಪನಿಗೆ ಹೋಗುತ್ತದೆ, ಅದು ತನ್ನ ಲಾಭವನ್ನು ದರದೊಳಗೇ ಸೇರಿಸಿಕೊಳ್ಳುತ್ತದೆ. ಅದು ಸಾಲದೆಂಬಂತೆ ಕೆಲವು ಬ್ಯಾಂಕುಗಳು ಹೊರದೇಶದ ರೂಪಾಯಿ ವ್ಯವಹಾರಕ್ಕೂ ಪ್ರತ್ಯೇಕ ಶುಲ್ಕ ಹಾಕುತ್ತವೆ. ಹೀಗಾಗಿ ಯಾವಾಗಲೂ ಆಯಾ ದೇಶದ ನಾಣ್ಯವನ್ನೇ ಆರಿಸಬೇಕು: ಅಮೆರಿಕದಲ್ಲಿ ಡಾಲರ್, ಲಂಡನ್ನಿನಲ್ಲಿ ಪೌಂಡ್. ಹಳೆಯ ಕರಾರು ಪತ್ರದವರ ಜಾಣ್ಮೆ ಇದೇ. ಇಷ್ಟು ಮಾಡಲು ಒಂದು ಪೈಸೆಯೂ ಖರ್ಚಿಲ್ಲ.

ಎಟಿಎಂನಲ್ಲಿ ನಗದು ತೆಗೆದರೆ ಮಾರ್ಕಪ್ಪಿನ ಜೊತೆಗೆ ಸಲಕ್ಕಿಷ್ಟೆಂದು ನಮ್ಮ ಬ್ಯಾಂಕಿನ ಶುಲ್ಕ, ಯಂತ್ರದ ಒಡೆಯ ಬ್ಯಾಂಕಿನ ಶುಲ್ಕ ಎರಡೂ ಬೀಳುತ್ತವೆ. ಆದ್ದರಿಂದ ಇಪ್ಪತ್ತು ಡಾಲರಿನಂತೆ ಹತ್ತು ಸಲ ತೆಗೆಯುವ ಬದಲು ಒಂದೇ ಸಲ ಇನ್ನೂರು ತೆಗೆಯುವುದು ಲೇಸು. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆಯಲೇಬಾರದು; ಆ ದಿನದಿಂದಲೇ ಬಡ್ಡಿ ಓಡತೊಡಗುತ್ತದೆ.

ಮೊದಲೇ ಡಾಲರ್ ತುಂಬಿಸಿಕೊಂಡು ಹೋಗುವ ಫಾರೆಕ್ಸ್ ಕಾರ್ಡ್ ಅನೇಕರಿಗೆ ಅನುಕೂಲ. ತುಂಬಿಸಿದ ದಿನದ ದರವೇ ನಿಲ್ಲುತ್ತದೆ, ಡಾಲರಿನಲ್ಲಿ ಖರ್ಚು ಮಾಡಿದರೆ ಮಾರ್ಕಪ್ ಇಲ್ಲ. ಡಾಲರಿನ ಕಾರ್ಡನ್ನು ಯೂರೋಪಿನಲ್ಲಿ ಉಜ್ಜಿದರೆ ಮತ್ತೆ ಬಟ್ಟಾ ಬೀಳುತ್ತದೆ. ತುಂಬಿಸುವಾಗ ಬ್ಯಾಂಕು ಡಾಲರ್ ಮಾರುವ ದರ ಹೆಚ್ಚು, ಉಳಿದದ್ದನ್ನು ಮರಳಿ ಕೊಳ್ಳುವ ದರ ಕಡಿಮೆ. ಮಾರುವ, ಕೊಳ್ಳುವ ದರಗಳ ಈ ಅಂತರವೂ ಬಟ್ಟಾವೇ. ಬೇಕಾದಷ್ಟೇ ತುಂಬಿಸಿ, ಸಾಲದಿದ್ದರೆ ಮತ್ತೆ ತುಂಬಿಸಿಕೊಳ್ಳುವುದು ಮೇಲು. ವಿಮಾನ ನಿಲ್ದಾಣದ ವಿನಿಮಯ ಕಟ್ಟೆಯಲ್ಲಿ ಈ ಅಂತರ ಊರಿನ ಪೇಟೆಗಿಂತ ದೊಡ್ಡದಿರುತ್ತದೆ. ಅವಸರದ ಗಿರಾಕಿ ಸಿಕ್ಕರೆ ಚಿನಿವಾರ ಎಂದಾದರೂ ಬಿಟ್ಟಾನೆಯೇ? ಮಾರ್ಕಪ್ ಇಲ್ಲದ ಕಾರ್ಡುಗಳನ್ನೂ ಈಗ ಕೆಲವು ಬ್ಯಾಂಕುಗಳು ಕೊಡುತ್ತಿವೆ. ಅಂಥದ್ದನ್ನು ಕೊಳ್ಳುವ ಮುನ್ನ ವಾರ್ಷಿಕ ಶುಲ್ಕವೆಷ್ಟೆಂದು ಕೇಳಬೇಕು.

ಹೊರಡುವ ಮುಂಚೆ ಊರಿನ ಶಾಖೆಯಲ್ಲಿ ಮುಗಿಸಬೇಕಾದ ಕೆಲಸ ಒಂದಿದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಅಕ್ಟೋಬರ್ 1ರಿಂದ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ಹೊರದೇಶದ ಬಳಕೆಯನ್ನು ಗ್ರಾಹಕನೇ ತೆರೆಸಿಕೊಳ್ಳಬೇಕು. ಬೇಕಾದ ಮಿತಿಯನ್ನು ಆಗಲೇ ಹಾಕಿಸಬಹುದು, ಮಾರ್ಕಪ್ ಎಷ್ಟೆಂದು ಕೇಳಿ ಬರೆದುಕೊಳ್ಳಬಹುದು. ಮರಳಿ ಬಂದಾಗ ಜೇಬಿನಲ್ಲಿ ಉಳಿದ ನೋಟುಗಳಲ್ಲಿ ಎರಡು ಸಾವಿರ ಡಾಲರಿನಷ್ಟನ್ನು ಮನೆಯಲ್ಲಿಟ್ಟುಕೊಳ್ಳಲು ಕಾನೂನಿನ ಅನುಮತಿಯಿದೆ. ಅದಕ್ಕಿಂತ ಹೆಚ್ಚಿನದನ್ನು 180 ದಿನಗಳೊಳಗೆ ಬ್ಯಾಂಕಿಗೆ ಒಪ್ಪಿಸಬೇಕು.